ಮುಂಗಡ ಕೊಟ್ಟ ಮೇಲೆ ಮಳಿಗೆ ದಿವಾಳಿಯಾದರೆ

ಪ್ರಶ್ನೆ: ತುಮಕೂರಿನಲ್ಲಿ ಕಟ್ಟಿಸಿದ ಹೊಸ ಮನೆಗಾಗಿ ಬೆಂಗಳೂರಿನ ಒಂದು ಪೀಠೋಪಕರಣ ಮಳಿಗೆಯಲ್ಲಿ ಸೋಫಾ, ಎರಡು ಮಂಚ ಹಾಗೂ ಊಟದ ಮೇಜಿಗೆ ಒಟ್ಟು ₹2,10,000 ಕೊಟ್ಟಿದ್ದೇವೆ. ಅದರಲ್ಲಿ ₹70,000 ಕ್ರೆಡಿಟ್ ಕಾರ್ಡಿನಿಂದ, ₹40,000 ಯುಪಿಐ ಮೂಲಕ ಸಂದಾಯವಾಗಿದೆ; ಉಳಿದ ₹1,00,000ಕ್ಕೆ ಮಳಿಗೆಯಲ್ಲೇ ಕೂತಿದ್ದ ಫೈನಾನ್ಸ್ ಕಂಪನಿಯವರು ಹನ್ನೆರಡು ಕಂತಿನ ಸಾಲ ಮಾಡಿಸಿಕೊಟ್ಟರು. ಆರು ವಾರದಲ್ಲಿ ಸಾಮಾನು ಬರಬೇಕಿತ್ತು. ಅಷ್ಟರಲ್ಲಿ ಮಳಿಗೆಯ ಬಾಗಿಲು ಮುಚ್ಚಿತು. ಮೂರು ವಾರದ ಹಿಂದೆ, ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಗಿದೆ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ನಮ್ಮ ಹೆಸರಿನ ಚೀಟಿ ಅಂಟಿಸಿದ ಸೋಫಾ ಗೋದಾಮಿನಲ್ಲಿ ಸಿದ್ಧವಾಗಿದೆ ಎಂದು ಅಲ್ಲಿನ ನೌಕರರೊಬ್ಬರು ಹೇಳುತ್ತಾರೆ. ನಮ್ಮ ಹಣ ಬರುತ್ತದೆಯೆ? ಕಂತು ಕಟ್ಟುವುದನ್ನು ನಿಲ್ಲಿಸಬಹುದೆ? ಮುಂದಿನ ತಿಂಗಳು ಗೃಹಪ್ರವೇಶವಿದೆ; ಬೇರೆ ಕಡೆ ಸಾಮಾನು ಕೊಂಡರೆ ನಮ್ಮ ಹಕ್ಕಿಗೆ ಧಕ್ಕೆಯಾಗುತ್ತದೆಯೆ?

ಉತ್ತರ: ನಿಮ್ಮ ಎರಡು ಲಕ್ಷ ಹತ್ತು ಸಾವಿರ ಒಂದೇ ಗಂಟಾಗಿ ಹೋಗಿಲ್ಲ, ಮೂರು ದಾರಿಯಲ್ಲಿ ಹೋಗಿದೆ. ಅದು ಹಿಂತಿರುಗುತ್ತದೆಯೆ ಎಂಬುದು ನಿಮ್ಮ ನ್ಯಾಯದ ಬಲಕ್ಕಿಂತ ಹೆಚ್ಚಾಗಿ ಹೋದ ದಾರಿಯನ್ನು ಅವಲಂಬಿಸಿದೆ. ಹೀಗಾದವರು ಸಾಮಾನ್ಯವಾಗಿ ಮೊದಲು ವಕೀಲರನ್ನೋ ಪೊಲೀಸರನ್ನೋ ಹುಡುಕಿಕೊಂಡು ಹೋಗುತ್ತಾರೆ, ಕೊನೆಗೆ ಬ್ಯಾಂಕಿಗೆ ಬರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಬ್ಯಾಂಕಿನ ಗಡಿಯಾರ ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ, ಹಣ ಬರುವ ನಿಜವಾದ ಸಾಧ್ಯತೆಯಿರುವುದೂ ಅಲ್ಲಿಯೇ.

ಕಾರ್ಡಿನಲ್ಲಿ ಕೊಟ್ಟ ₹70,000 ವಿಷಯದಲ್ಲಿ ಇಂದೇ ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಿ. ಇದನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. 'ಹಣ ಪಾವತಿಯಾಗಿದೆ, ಸರಕು ತಲುಪಿಲ್ಲ' ಎಂಬುದು ಕಾರ್ಡ್ ಜಾಲಗಳು ಒಪ್ಪುವ ವ್ಯಾಜ್ಯಗಳಲ್ಲಿ ಒಂದು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದ್ದು, ಸರಕು ತಲುಪಬೇಕಾಗಿದ್ದ ದಿನದಿಂದ, ಇಲ್ಲವೇ ಅದು ತಲುಪುವುದಿಲ್ಲವೆಂದು ನಿಮಗೆ ತಿಳಿದ ದಿನದಿಂದ ಎಣಿಕೆ ಆರಂಭವಾಗುತ್ತದೆ. ಆದ್ದರಿಂದ ಆರ್ಡರ್ ಚೀಟಿಯಲ್ಲಿ ಬರೆದಿರುವ ವಿತರಣೆಯ ದಿನಾಂಕ ಬಹಳ ಮುಖ್ಯ. ಅದರ ಪ್ರತಿ, ಕಾರ್ಡ್ ಸ್ಟೇಟ್‌ಮೆಂಟು, ಮಳಿಗೆಗೆ ಕಳುಹಿಸಿದ ಸಂದೇಶಗಳು ಮತ್ತು ಪತ್ರಿಕಾ ಪ್ರಕಟಣೆಯನ್ನು ಜೊತೆಗಿಡಿ.

'ಕಂಪನಿಯೇ ಮುಳುಗಿರುವಾಗ ಬ್ಯಾಂಕು ಯಾರಿಂದ ವಸೂಲಿ ಮಾಡೀತು' ಎಂದು ಶಾಖೆಯ ಸಿಬ್ಬಂದಿಯೇ ಕೇಳಬಹುದು. ಈ ವ್ಯವಸ್ಥೆಯ ಒಳಗುಟ್ಟು ಅಲ್ಲಿಯೇ ಇದೆ. ಮಳಿಗೆಗೆ ಕಾರ್ಡ್ ಯಂತ್ರ ಕೊಟ್ಟು, ಅದರ ಪರವಾಗಿ ಹಣ ಸ್ವೀಕರಿಸಿದ ಇನ್ನೊಂದು ಬ್ಯಾಂಕು ಇರುತ್ತದೆ. ಚಾರ್ಜ್‌ಬ್ಯಾಕ್ ಊರ್ಜಿತವಾದಾಗ ನಿಮ್ಮ ಬ್ಯಾಂಕು ಜಾಲದ ಮೂಲಕ ಆ ಬ್ಯಾಂಕಿನಿಂದ ಹಣ ಪಡೆಯುತ್ತದೆ. ಮಳಿಗೆಯಿಂದ ಅದು ಬರುತ್ತದೋ ಇಲ್ಲವೋ ಎಂಬುದು ಆ ಬ್ಯಾಂಕಿನ ಚಿಂತೆಯೇ ಹೊರತು ನಿಮ್ಮದಲ್ಲ. ನೀವು ಕೇಳುತ್ತಿರುವುದು ದಿವಾಳಿಯಾದ ಕಂಪನಿಯ ಆಸ್ತಿಯನ್ನಲ್ಲ, ಆದ್ದರಿಂದ ಸಾಲದಾತರ ಸಾಲಿನಲ್ಲಿ ನಿಲ್ಲುವ ಪ್ರಸಂಗವೂ ಇಲ್ಲ. ಬ್ಯಾಂಕು ದೂರನ್ನು ತಿರಸ್ಕರಿಸಿದರೆ, ಅಥವಾ 30 ದಿನವಾದರೂ ಉತ್ತರಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ಆದರೆ ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಟ್ಟಿರಬೇಕು. ಫೋನಿನಲ್ಲಿ ಮಾತಾಡಿದ್ದು ಸಾಲದು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಯುಪಿಐ ಮೂಲಕ ಹೋದ ₹40,000 ಸ್ವಲ್ಪ ಕಷ್ಟದ್ದು. ಮಳಿಗೆಯ ವ್ಯಾಪಾರಿ ಖಾತೆಯ ಕ್ಯೂಆರ್‌ಗೆ ಪಾವತಿಸಿದ್ದರೆ ಆ್ಯಪ್‌ನಲ್ಲಿಯೇ ಆ ವಹಿವಾಟಿನ ಮೇಲೆ ದೂರು ದಾಖಲಿಸಿ, ಬ್ಯಾಂಕಿಗೂ ಪತ್ರ ಕೊಡಿ. ವ್ಯಾಪಾರಿ ಪಾವತಿಗಳಿಗೆ ವ್ಯಾಜ್ಯದ ದಾರಿಯಿದೆ, ಕಾರ್ಡಿನಷ್ಟು ಪಳಗಿದ ದಾರಿಯಲ್ಲ ಅಷ್ಟೆ. ಆದರೆ ಹಣ ಯಾರ ಹೆಸರಿಗೆ ಹೋಗಿದೆ ಎಂದು ಒಮ್ಮೆ ತೆರೆದು ನೋಡಿ. ಕಂಪನಿಯ ಬದಲು ಮಾಲೀಕರ ಸ್ವಂತ ಖಾತೆಗೆ ಹೋಗಿರುವ ಪ್ರಕರಣಗಳಿವೆ. ಹಾಗಾಗಿದ್ದರೆ ಬ್ಯಾಂಕಿನ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ, ಆದರೆ ಇನ್ನೊಂದು ತೆರೆಯುತ್ತದೆ: ದಿವಾಳಿ ಪ್ರಕ್ರಿಯೆಯ ರಕ್ಷಣೆ ಕಂಪನಿಗೆ ಮಾತ್ರ, ತನ್ನ ಸ್ವಂತ ಖಾತೆಗೆ ಹಣ ಪಡೆದ ವ್ಯಕ್ತಿ ಆ ನೆರಳಿನಲ್ಲಿ ನಿಲ್ಲಲಾರ.

ಇನ್ನು ಸಾಲದ ಕಂತು. ಇಲ್ಲಿ ನಿಮಗೆ ಇಷ್ಟವಾಗದ ಮಾತನ್ನೇ ಹೇಳಬೇಕಾಗಿದೆ. ಕಂತನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಫೈನಾನ್ಸ್ ಕಂಪನಿಯ ಕಣ್ಣಿನಲ್ಲಿ ಅದು ನಿಮಗೆ ಸಾಲ ಕೊಟ್ಟಿದೆ, ನಿಮ್ಮ ಪರವಾಗಿ ಮಳಿಗೆಗೆ ಹಣ ಕಟ್ಟಿದೆ. ಸೋಫಾ ಬಂತೋ ಇಲ್ಲವೋ ಎಂಬುದು ಬೇರೆ ಒಪ್ಪಂದ. ನಿಲ್ಲಿಸಿದರೆ ದಂಡ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬೇರೆ: ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರ ಪ್ರಕಾರ, 100 ಪೌಂಡಿಗಿಂತ ಹೆಚ್ಚು ಹಾಗೂ 30,000 ಪೌಂಡಿನೊಳಗಿನ ಬೆಲೆಯ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲೋ ಮಾರಾಟಗಾರನೇ ಏರ್ಪಡಿಸಿದ ಸಾಲದಲ್ಲೋ ಕೊಂಡಾಗ, ಮಾರಾಟಗಾರ ಮಾತು ತಪ್ಪಿದರೆ ಸಾಲ ಕೊಟ್ಟ ಸಂಸ್ಥೆಯೂ ಅಷ್ಟೇ ಹೊಣೆಯಾಗುತ್ತದೆ. ಅಲ್ಲಿ ನೆಲೆಸಿರುವ ನಮ್ಮವರು ಮಳಿಗೆ ಮುಳುಗಿದರೂ ಹಣ ಹಿಂತಿರುಗಿತು ಎಂದು ಹೇಳಿದರೆ ಅದರ ಹಿಂದಿರುವುದು ಬಹುಶಃ ಈ ಕಲಂ. ನಮ್ಮಲ್ಲಿ ಇದಕ್ಕೆ ಸರಿಸಮನಾದ ಕಾನೂನಿಲ್ಲ. ಇದ್ದಿದ್ದರೆ, ಮಳಿಗೆಯೊಳಗೇ ಮೇಜು ಹಾಕಿ ಕೂತು ಐದು ನಿಮಿಷದಲ್ಲಿ ಸಾಲ ಮಂಜೂರು ಮಾಡುವವರು ಆ ಮಳಿಗೆಯ ಆರೋಗ್ಯವನ್ನೂ ಒಮ್ಮೆ ವಿಚಾರಿಸುತ್ತಿದ್ದರು.

ಆದರೂ ಒಂದು ಎಳೆ ಇದೆ, ಅದನ್ನು ಬಿಡಬೇಡಿ. ಇಂಥ ಸಾಲಗಳಲ್ಲಿ ಫೈನಾನ್ಸ್ ಕಂಪನಿ ಸಾಮಾನ್ಯವಾಗಿ ಮಳಿಗೆಗೆ ಡೆಲಿವರಿ ಆರ್ಡರ್ ಕೊಡುತ್ತದೆ. ಮಳಿಗೆ ಬಿಲ್ಲು ಸಲ್ಲಿಸಿದ ಮೇಲೆ ಹಣ ಬಿಡುಗಡೆಯಾಗುತ್ತದೆ. ಸಾಮಾನು ಕೊಡದೆಯೇ ಕೊಟ್ಟಂತೆ ಬಿಲ್ಲು ಸಲ್ಲಿಸಿ ಹಣ ಪಡೆದಿದ್ದರೆ, ಅಥವಾ ವಿತರಣೆಯ ಪುರಾವೆ ಕೇಳದೆಯೇ ಸಂಸ್ಥೆ ಹಣ ಬಿಟ್ಟಿದ್ದರೆ, ಅದು ಸೇವಾನ್ಯೂನತೆ ಎಂದು ಗ್ರಾಹಕರ ಆಯೋಗದ ಮುಂದೆ ವಾದಿಸಬಹುದು. ಸಾಲದ ಒಪ್ಪಂದದ ಪ್ರತಿಯನ್ನೂ ಹಣ ಬಿಡುಗಡೆಯ ದಿನಾಂಕವನ್ನೂ ಕೇಳಿ ಪತ್ರ ಬರೆಯಿರಿ. ಅದರಲ್ಲಿಯೇ 'ಸಾಮಾನು ನಮಗೆ ತಲುಪಿಲ್ಲ, ಆಕ್ಷೇಪವನ್ನು ಕಾಯ್ದಿರಿಸಿಕೊಂಡು ಕಂತು ಕಟ್ಟುತ್ತಿದ್ದೇವೆ' ಎಂದು ನಮೂದಿಸಿ. ಮುಂದೆ ಆಯೋಗವು ಕಂತಿಗೆ ಮಧ್ಯಂತರ ತಡೆ ಕೊಟ್ಟರೆ ಆಗ ನಿಲ್ಲಿಸಿ.

ಈಗ ದಿವಾಳಿ ಪ್ರಕ್ರಿಯೆಯ ಕಡೆಗೆ ಬರೋಣ. ಅದಕ್ಕೂ ಮೊದಲು ಈ ಉತ್ತರವನ್ನು ಓದುವ ಇತರರಿಗಾಗಿ ಒಂದು ಮಾತು. ಬಾಗಿಲು ಎಳೆದ ಮಳಿಗೆಗಳೆಲ್ಲ ಕಾನೂನಿನ ಅರ್ಥದಲ್ಲಿ ದಿವಾಳಿಯಾಗಿರುವುದಿಲ್ಲ. ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಕರ್ನಾಟಕದ ಸಂಖ್ಯೆ 29ರಿಂದ ಆರಂಭವಾಗುತ್ತದೆ, ಅದರ ನಂತರದ ಹತ್ತು ಅಕ್ಷರಗಳು ವ್ಯಾಪಾರಿಯ ಪ್ಯಾನ್. ಹೀಗಾಗಿ ಇಡೀ ಸಂಖ್ಯೆಯ ಆರನೆಯ ಅಕ್ಷರ ವ್ಯಾಪಾರಿಯ ಜಾತಕ ಹೇಳುತ್ತದೆ: 'ಸಿ' ಇದ್ದರೆ ಕಂಪನಿ, 'ಪಿ' ಇದ್ದರೆ ಒಬ್ಬ ವ್ಯಕ್ತಿಯ ವ್ಯಾಪಾರ, 'ಎಫ್' ಇದ್ದರೆ ಪಾಲುದಾರಿಕೆ ಸಂಸ್ಥೆ. ವ್ಯಕ್ತಿಯ ಅಥವಾ ಸಾಮಾನ್ಯ ಪಾಲುದಾರಿಕೆಯ ಮಳಿಗೆಯಾಗಿದ್ದರೆ ಅಂಗಡಿಯ ಸಾಲಕ್ಕೆ ಅವರ ಸ್ವಂತ ಆಸ್ತಿಯೂ ಹೊಣೆ. ಗ್ರಾಹಕರ ಆಯೋಗದ ಆದೇಶ ಪಡೆದು ಅವರ ಬೆನ್ನು ಹತ್ತಬಹುದು. ಆದೇಶ ಪಾಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. 'ದಿವಾಳಿಯಾಗಿದ್ದೇವೆ, ಏನೂ ಮಾಡಲಾಗದು' ಎಂಬ ಬಾಯಿಮಾತನ್ನು ನಂಬಿ ಸುಮ್ಮನಾಗಬಾರದು.

ನಿಮ್ಮದು ಕಂಪನಿಯೇ, ಪ್ರಕ್ರಿಯೆಯೂ ನಿಜವಾದದ್ದು. 2016ರ ದಿವಾಳಿ ಸಂಹಿತೆಯ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅರ್ಜಿಯನ್ನು ಅಂಗೀಕರಿಸಿದ ದಿನದಿಂದ ಕಂಪನಿಯ ಆಡಳಿತ ನಿರ್ದೇಶಕರ ಕೈಯಿಂದ ರೆಸಲ್ಯೂಷನ್ ಪ್ರೊಫೆಷನಲ್ ಎಂಬ ಅಧಿಕಾರಿಯ ಕೈಗೆ ಹೋಗಿದೆ, ಸೆಕ್ಷನ್ 14ರ ಮೊರಟೋರಿಯಂ ಜಾರಿಗೆ ಬಂದಿದೆ. ಅಂದರೆ ಕಂಪನಿಯ ವಿರುದ್ಧ ಹೊಸ ದಾವೆ ಹೂಡುವಂತಿಲ್ಲ, ಇರುವ ದಾವೆಯನ್ನೂ ಮುಂದುವರಿಸುವಂತಿಲ್ಲ. ಗ್ರಾಹಕರ ಆಯೋಗದ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ. ಗ್ರಾಹಕ ದೂರಿಗೆ ಎರಡು ವರ್ಷದ ಕಾಲಮಿತಿ ಇದೆಯಲ್ಲ ಎಂದು ಗಾಬರಿಯಾಗಬೇಡಿ. ಮೊರಟೋರಿಯಂ ನಡೆಯುವ ಅವಧಿಯನ್ನು ಆ ಲೆಕ್ಕದಿಂದ ಬಿಡಲಾಗುತ್ತದೆ.

ನೀವು ಮಾಡಬೇಕಾದುದು ಆ ಅಧಿಕಾರಿಗೆ ಕ್ಲೇಮು ಸಲ್ಲಿಸುವುದು. ಪತ್ರಿಕೆಯಲ್ಲಿ ಬಂದ ಪ್ರಕಟಣೆಯಲ್ಲಿ ಅವರ ಹೆಸರು, ಇಮೇಲ್, ಕೊನೆಯ ದಿನಾಂಕ ಎಲ್ಲವೂ ಇರುತ್ತದೆ. ಮೂಲ ಗಡುವು ಅಧಿಕಾರಿಯ ನೇಮಕದಿಂದ 14 ದಿನ. ಅದು ನಿಮ್ಮ ಪಾಲಿಗೆ ಮುಗಿದಿದೆ. ಆದರೆ ಪ್ರಕ್ರಿಯೆ ಆರಂಭವಾದ ದಿನದಿಂದ 90 ದಿನಗಳವರೆಗೂ ವಿಳಂಬದ ಕಾರಣ ಕೊಟ್ಟು ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಸರಕಿಗಾಗಿ ಮುಂಗಡ ಕೊಟ್ಟವರು 'ಕಾರ್ಯಾಚರಣಾ ಸಾಲದಾತರು' (ಹಣದ ಸಾಲ ಕೊಟ್ಟವರಲ್ಲ, ಸರಕು-ಸೇವೆಯ ವ್ಯವಹಾರದಿಂದ ಬಾಕಿ ಬರಬೇಕಾದವರು) ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹಿಟ್ರೋ ಎನರ್ಜಿ ಪ್ರಕರಣದಲ್ಲಿ ತೀರ್ಪು ಕೊಟ್ಟಿರುವುದರಿಂದ ನಿಮಗೆ ಹೊಂದುವುದು ನಮೂನೆ 'ಬಿ'. ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಪೂರ್ತಿ ₹2,10,000ಕ್ಕೆ ಸಲ್ಲಿಸಿ, ಸಾಲದ ₹1,00,000 ಕೂಡ ಸೇರಿಸಿ, ಏಕೆಂದರೆ ಅದು ನಿಮ್ಮ ಪರವಾಗಿ ಕಂಪನಿಗೆ ಸಂದ ಹಣ. ಚಾರ್ಜ್‌ಬ್ಯಾಕ್‌ಗೆ ಅರ್ಜಿ ಹಾಕಿರುವುದನ್ನು ಅದರಲ್ಲಿಯೇ ತಿಳಿಸಿ, ಹಣ ಬಂದ ಕೂಡಲೇ ಕ್ಲೇಮನ್ನು ತಿದ್ದಿ ಕಳುಹಿಸಿ. ಒಂದೇ ಹಣವನ್ನು ಎರಡು ಕಡೆ ಪಡೆಯುವಂತಿಲ್ಲ. ಕ್ಲೇಮು ಸಲ್ಲಿಸದೆ ಕೂರುವುದು ಮಾತ್ರ ಆತ್ಮಘಾತಕ. ಕಂಪನಿಯನ್ನು ಹೊಸಬರು ವಹಿಸಿಕೊಂಡು ನಡೆಸುವ ಪುನಶ್ಚೇತನ ಯೋಜನೆಗೆ ನ್ಯಾಯಮಂಡಳಿಯ ಮುದ್ರೆ ಬಿದ್ದ ಮೇಲೆ, ಅದರಲ್ಲಿ ಸೇರದ ಹಳೆಯ ಬಾಕಿಗಳು ನಂದಿಹೋಗುತ್ತವೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿಯೇ ಹೇಳಿದೆ. ಹೊಸ ಮಾಲೀಕರು ಬಂದು ಅದೇ ಹೆಸರಿನಲ್ಲಿ ಮಳಿಗೆ ತೆರೆದರೂ ನಿಮ್ಮ ಹಳೆಯ ಚೀಟಿಗೆ ಬೆಲೆ ಇರುವುದಿಲ್ಲ.

ಸಲ್ಲಿಸಿದರೆ ಎಷ್ಟು ಬಂದೀತು? ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದರೆ ಹಣ ಹಂಚುವ ಕ್ರಮವನ್ನು ಸೆಕ್ಷನ್ 53 ಹೇಳುತ್ತದೆ. ಮೊದಲು ಪ್ರಕ್ರಿಯೆಯ ವೆಚ್ಚ. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿಯೂ ತಮ್ಮ ಭದ್ರತೆಯನ್ನು, ಅಂದರೆ ಅಡಮಾನದ ಹಕ್ಕನ್ನು, ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲವೂ ಸಮಸಮವಾಗಿ. ನಂತರ ಇತರ ನೌಕರರ 12 ತಿಂಗಳ ಸಂಬಳ. ಭದ್ರತೆಯಿಲ್ಲದ ಹಣಕಾಸು ಸಾಲ, ಅಂದರೆ ಹಣವಾಗಿಯೇ ಕೊಟ್ಟ ಸಾಲ. ಸರ್ಕಾರದ ಎರಡು ವರ್ಷದ ಬಾಕಿ ಹಾಗೂ ಭದ್ರತೆ ಜಾರಿಮಾಡಿಯೂ ಉಳಿದ ಸಾಲ. ಇಷ್ಟೆಲ್ಲ ಆದ ಮೇಲೆ 'ಉಳಿದ ಎಲ್ಲ ಬಾಕಿಗಳು'. ನೀವು ಕೂರುವುದು ಆ ಕಡೆಯ ಪಂಕ್ತಿಯಲ್ಲಿ, ಮಂಚಕ್ಕೆ ಸ್ಕ್ರೂ ಪೂರೈಸಿದ ವ್ಯಾಪಾರಿಯ ಪಕ್ಕದಲ್ಲಿ. ನಿಮ್ಮ ಹಿಂದಿರುವವರು ಷೇರುದಾರರು ಮಾತ್ರ. ಬ್ಯಾಂಕುಗಳಿಗೇ ಪೂರ್ತಿ ಬಾರದ ಕಡೆ ಈ ಪಂಕ್ತಿಯವರೆಗೆ ಪಾಯಸ ತಲುಪುವುದು ಅಪರೂಪ. ಪುನಶ್ಚೇತನ ಯೋಜನೆ ಬಂದರೂ ಕಾನೂನು ನಿಮಗೆ ಕೊಡುವ ಕನಿಷ್ಠ ಖಾತರಿ ಇದೇ ಲೆಕ್ಕದ್ದು. ಯೋಜನೆ ಸಲ್ಲಿಸಿದವರು ಗ್ರಾಹಕರ ವಿಶ್ವಾಸ ಉಳಿಸಿಕೊಳ್ಳಲು ತಾವಾಗಿ ಹೆಚ್ಚು ಕೊಟ್ಟರೆ ಅದು ಅವರ ವ್ಯವಹಾರ ಜಾಣತನ. ಯೋಜನೆಗೆ ಮತ ಹಾಕುವ ಸಾಲದಾತರ ಸಮಿತಿಯಲ್ಲಿ ನಿಮಗೆ ಮತವೂ ಇಲ್ಲ.

ಇದು ಸರಿಯೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಫ್ಲ್ಯಾಟ್ ಕೊಳ್ಳುವವರು ಇದೇ ಸ್ಥಿತಿಯಲ್ಲಿದ್ದಾಗ 2018ರಲ್ಲಿ ಸಂಹಿತೆಗೆ ತಿದ್ದುಪಡಿ ತಂದು ಅವರನ್ನು ಹಣಕಾಸು ಸಾಲದಾತರೆಂದು ಪರಿಗಣಿಸಲಾಯಿತು. ವಸತಿ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಅವರು ಕೊಟ್ಟ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು ಎನ್ನುತ್ತದೆ. ಸೋಫಾಕ್ಕೆ ಮುಂಗಡ ಕೊಟ್ಟವರಿಗೆ ಇಂಥದ್ದೇನೂ ಇಲ್ಲ. ಮುಂಗಡವೆಂದರೆ ಬಡ್ಡಿಯಿಲ್ಲದ, ಅಡಮಾನವಿಲ್ಲದ ಸಾಲವೇ. ಕೊಡುವವರಿಗೆ ಅದು ಸಾಲವೆಂದು ಗೊತ್ತಿರುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಕೇಫರ್ಡ್ ಎಂಬ ಅಂಚೆ-ಮಾರಾಟದ ಕಂಪನಿ, ತಾನು ಮುಳುಗಬಹುದೆಂಬ ಸೂಚನೆ ಸಿಕ್ಕಾಗ, ಲೆಕ್ಕಪರಿಶೋಧಕರ ಸಲಹೆಯಂತೆ ಗ್ರಾಹಕರ ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟಿತು. ಆ ಹಣ ಗ್ರಾಹಕರದೇ, ಸಾಲದಾತರದಲ್ಲ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಆ ಕಂಪನಿ ಅದನ್ನು ಮಾಡಿದ್ದು ತಾನಾಗಿಯೇ. ಇಲ್ಲಿನ ಮಳಿಗೆಗಳಿಗೂ ಹಾಗೆ ಮಾಡುವ ಬಾಧ್ಯತೆಯಿಲ್ಲ, ಮಾಡುವ ರೂಢಿಯೂ ಇಲ್ಲ.

ಇನ್ನು ಉಳಿದದ್ದು ಗೋದಾಮಿನ ಸೋಫಾ. ನಿಮ್ಮ ಪತ್ರದ ಈ ಸಾಲು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಏಕೆಂದರೆ ಸೋಫಾ ಕಂಪನಿಯದಾಗಿದ್ದರೆ ನೀವು ಕಡೆಯ ಪಂಕ್ತಿಯವರು. ಅದು ಈಗಾಗಲೇ ನಿಮ್ಮದಾಗಿದ್ದರೆ ಪಂಕ್ತಿಯ ಪ್ರಶ್ನೆಯೇ ಇಲ್ಲ. ಕಂಪನಿಯ ವಶದಲ್ಲಿರುವ ಬೇರೆಯವರ ಸ್ವತ್ತು ಅದರ ಆಸ್ತಿಯಲ್ಲವೆಂದು ಸಂಹಿತೆಯೇ ಹೇಳುತ್ತದೆ. ಹಾಗಾದರೆ ಕೊಟ್ಟ ಹಣಕ್ಕೆ ಪ್ರತಿಯಾಗಿ ವಸ್ತುವಿನ ಒಡೆತನ ಯಾವ ಕ್ಷಣದಲ್ಲಿ ಬದಲಾಗುತ್ತದೆ? ಉತ್ತರ 1930ರ ಸರಕು ಮಾರಾಟ ಕಾಯ್ದೆಯಲ್ಲಿದೆ. ನೀವು ಶೋರೂಮಿನಲ್ಲಿ ನಿಂತು, ಇದೇ ಸೋಫಾ ಬೇಕು ಎಂದು ಒಂದು ನಿರ್ದಿಷ್ಟ ವಸ್ತುವನ್ನು ಆರಿಸಿದ್ದರೆ, ಅದು ಹಾಗೆಯೇ ಒಯ್ಯುವ ಸ್ಥಿತಿಯಲ್ಲಿದ್ದರೆ, ಬೇರೆ ಷರತ್ತಿಲ್ಲದಿದ್ದಾಗ ಒಪ್ಪಂದವಾದ ಗಳಿಗೆಯಲ್ಲೇ ಒಡೆತನ ನಿಮಗೆ ಬರುತ್ತದೆ; ವಿತರಣೆ ತಡವಾದರೂ ಅದು ಬದಲಾಗದು. ಆದರೆ ಮಾದರಿ ನೋಡಿ, ಬಟ್ಟೆಯ ಬಣ್ಣ ಹೇಳಿ ಮಾಡಿಸಿಕೊಳ್ಳುವ ಆರ್ಡರ್ ಆಗಿದ್ದರೆ, ವಸ್ತು ತಯಾರಾಗಿ, ಅದನ್ನು ನಿಮ್ಮ ಆರ್ಡರಿಗೆಂದು ಖಚಿತವಾಗಿ ಎತ್ತಿಟ್ಟು, ಅದಕ್ಕೆ ನಿಮ್ಮ ಒಪ್ಪಿಗೆಯೂ ಇದ್ದಾಗ ಮಾತ್ರ ಅದು ನಿಮ್ಮದು. ಆ ಒಪ್ಪಿಗೆ ಬಾಯಿಬಿಟ್ಟು ಹೇಳಿದ್ದೇ ಆಗಬೇಕಿಲ್ಲ, ಸನ್ನಿವೇಶದಿಂದ ಸೂಚಿತವಾದರೂ ಸಾಕು.

ನಿಮ್ಮ ಹೆಸರಿನ ಚೀಟಿ ಈ ದೃಷ್ಟಿಯಿಂದ ಒಳ್ಳೆಯ ಪುರಾವೆ, ಸಂಪೂರ್ಣ ಪುರಾವೆಯಲ್ಲ. 'ನಿಮ್ಮ ಸೋಫಾ ಸಿದ್ಧವಿದೆ, ಈ ವಾರ ಕಳುಹಿಸುತ್ತೇವೆ' ಎಂಬಂಥ ಸಂದೇಶ ಬಂದಿದ್ದು, ನೀವು ಸರಿ ಎಂದು ಉತ್ತರಿಸಿದ್ದರೆ ನಿಮ್ಮ ವಾದ ಗಟ್ಟಿಯಾಗುತ್ತದೆ. ಪೂರ್ತಿ ಬೆಲೆ ಸಂದಿರುವುದೂ ನಿಮ್ಮ ಕಡೆಗೆ ತೂಗುತ್ತದೆ. ಆದರೆ ವಿತರಣೆಯವರೆಗೆ ಒಡೆತನ ಕಂಪನಿಯದೇ ಎಂಬ ಷರತ್ತು ಆರ್ಡರ್ ಚೀಟಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆಯೇ ಎಂದು ಭೂತಗನ್ನಡಿ ಹಿಡಿದು ಓದಿ. ಇಲ್ಲದಿದ್ದರೆ, ಕ್ಲೇಮಿನ ಜೊತೆಗೆ ಪ್ರತ್ಯೇಕ ಪತ್ರ ಬರೆದು, ಚೀಟಿಯ ಛಾಯಾಚಿತ್ರ ಸಿಕ್ಕಿದರೆ ಲಗತ್ತಿಸಿ, 'ಈ ಸೋಫಾ ನಮ್ಮ ಸ್ವತ್ತು, ಇದನ್ನು ಕಂಪನಿಯ ಆಸ್ತಿಯ ಪಟ್ಟಿಯಿಂದ ಹೊರಗಿಟ್ಟು ನಮಗೆ ಒಪ್ಪಿಸಬೇಕು. ಒಪ್ಪದ ಪಕ್ಷದಲ್ಲಿ ಅದರ ಬೆಲೆಯನ್ನು ಕ್ಲೇಮಿನಲ್ಲಿ ಸೇರಿಸಬೇಕು' ಎಂದು ಕೇಳಿ. ಅಧಿಕಾರಿ ನಿರಾಕರಿಸಿದರೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಒಂದು ಸೋಫಾಕ್ಕಾಗಿ ಅಷ್ಟು ದೂರ ಹೋಗುವುದು ಲೆಕ್ಕಕ್ಕೆ ಹೊಂದುತ್ತದೆಯೆ ಎಂಬುದನ್ನು ಆಗ ಯೋಚಿಸಿ, ನಿಮ್ಮಂತೆ ಚೀಟಿ ಇರುವ ನಾಲ್ಕಾರು ಮನೆಯವರು ಸೇರಿದರೆ ಹೊಂದೀತು. ಆ ನೌಕರರು ರಾತ್ರಿ ಹಿಂಬಾಗಿಲಿನಿಂದ ಸಾಗಿಸಿಕೊಡುತ್ತೇನೆಂದರೆ ಮಾತ್ರ ಖಂಡಿತ ಒಪ್ಪಬೇಡಿ. ಗೋದಾಮು ಈಗ ಅಧಿಕಾರಿಯ ವಶದಲ್ಲಿದೆ. ನಿಮ್ಮದೇ ವಸ್ತುವಿಗೆ ನೀವು ಕಳ್ಳತನದ ಆರೋಪ ಎದುರಿಸಬೇಕಾದೀತು.

ಪೊಲೀಸ್ ದೂರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಷ್ಟದಿಂದ ಮುಳುಗಿದ್ದೇ ವಂಚನೆಯಾಗುವುದಿಲ್ಲ. ಹಣ ಪಡೆಯುವ ಹೊತ್ತಿಗೇ ಕೊಡುವ ಉದ್ದೇಶವಿರಲಿಲ್ಲ ಎಂದು ತೋರಿಸಬೇಕು. ದಿವಾಳಿ ಅರ್ಜಿ ನ್ಯಾಯಮಂಡಳಿಯ ಮುಂದಿದ್ದಾಗಲೂ, ಕಾರ್ಖಾನೆ ನಿಂತಿದ್ದಾಗಲೂ ರಿಯಾಯಿತಿ ಮೇಳ ನಡೆಸಿ ಮುಂಗಡ ಸಂಗ್ರಹಿಸಿದ್ದರೆ ಅದು ಬೇರೆಯೇ ಕಥೆ. ಆ ಮಾಹಿತಿಯನ್ನು ರೆಸಲ್ಯೂಷನ್ ಪ್ರೊಫೆಷನಲ್‌ಗೂ ಲಿಖಿತವಾಗಿ ಕೊಡಿ, ಏಕೆಂದರೆ ಸಾಲದಾತರನ್ನು ವಂಚಿಸುವ ಉದ್ದೇಶದಿಂದ ವ್ಯವಹಾರ ನಡೆಸಿದವರಿಂದ ಹಣ ತುಂಬಿಸುವಂತೆ ಸೆಕ್ಷನ್ 66ರಡಿ ನ್ಯಾಯಮಂಡಳಿಯನ್ನು ಕೋರುವ ಅಧಿಕಾರ ಅವರಿಗಿದೆ.

ಗ್ರಾಹಕ ದೂರನ್ನು ನೀವು ಬೆಂಗಳೂರಿಗೆ ಹೋಗದೆ ತುಮಕೂರಿನ ಜಿಲ್ಲಾ ಆಯೋಗದಲ್ಲಿಯೇ ಸಲ್ಲಿಸಬಹುದು. ವಾಸಸ್ಥಳದಲ್ಲಿ ದೂರು ಕೊಡುವ ಹಕ್ಕು 2019ರ ಕಾಯ್ದೆಯಿಂದ ಬಂದಿದೆ, ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸದ್ಯಕ್ಕೆ ಅಲ್ಲಿ ನಿಮ್ಮ ಎದುರುದಾರರು ಫೈನಾನ್ಸ್ ಕಂಪನಿ, ಮತ್ತು ಹಣ ಸ್ವಂತ ಖಾತೆಗೆ ಹೋಗಿದ್ದ ಪಕ್ಷದಲ್ಲಿ ಆ ವ್ಯಕ್ತಿ. ಮಳಿಗೆಯ ಕಂಪನಿಯನ್ನು ಎಳೆದರೆ ಇಡೀ ಪ್ರಕರಣ ಮೊರಟೋರಿಯಂನಲ್ಲಿ ಸಿಕ್ಕಿಬೀಳಬಹುದು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸರಳ: ಕೊಳ್ಳಿ. ಗೃಹಪ್ರವೇಶಕ್ಕೆ ಬೇರೆ ಸಾಮಾನು ತಂದರೆ ನಿಮ್ಮ ಕ್ಲೇಮಿಗಾಗಲಿ, ಬ್ಯಾಂಕಿನ ದೂರಿಗಾಗಲಿ ಯಾವ ಧಕ್ಕೆಯೂ ಇಲ್ಲ. ಹೆಚ್ಚು ಬೆಲೆ ತೆರಬೇಕಾಗಿ ಬಂದರೆ ಆ ಬಿಲ್ಲನ್ನು ಇಟ್ಟುಕೊಂಡಿರಿ. ದಿವಾಳಿ ಕ್ಲೇಮಿನಲ್ಲಿ ಅದು ಸಲ್ಲುವುದು ಕಷ್ಟ, ಆಯೋಗದಲ್ಲಿ ಪರಿಹಾರ ಕೇಳುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಕಾರ್ಡಿನ ಹಣ ಹಿಂತಿರುಗಿದ ಮೇಲೆ ಗೋದಾಮಿನ ಸೋಫಾ ಕೂಡ ನಿಮ್ಮ ಕೈಗೆ ಬಂದರೆ ಬ್ಯಾಂಕಿಗೆ ಮತ್ತು ಅಧಿಕಾರಿಗೆ ತಿಳಿಸಲೇಬೇಕು. ಯಾವ ಪಾವತಿ ಯಾವ ಸಾಮಾನಿಗೆ ಎಂದು ಚೀಟಿಯಲ್ಲಿ ಬಿಡಿಸಿ ಬರೆದಿಲ್ಲದಿದ್ದರೆ, ಬ್ಯಾಂಕಿಗೆ ದೂರು ಬರೆಯುವಾಗಲೇ ಕಾರ್ಡಿನ ₹70,000 ಮಂಚ ಮತ್ತು ಮೇಜಿನ ಬಾಬ್ತು ಎಂದು ನೀವಾಗಿ ಕಲ್ಪಿಸಿ ನಮೂದಿಸಬೇಡಿ. ನಾಲ್ಕು ಸಾಮಾನಿಗೂ ಸೇರಿ ಕೊಟ್ಟ ಹಣ, ಒಂದೂ ತಲುಪಿಲ್ಲ ಎಂದಷ್ಟೇ ಬರೆಯಿರಿ, ಏಕೆಂದರೆ ನಿಜವೂ ಅದೇ.